ತಲ್ಲಾ ದೇಸ್‌ನ ಇಬ್ಬರು ಗಾಯಾಳುಗಳು

ಕಳೆದ ಮಳೆಗಾಲದಲ್ಲಿ ನನ್ನ ಕತ್ತು ಹಿಡಿದುಕೊಂಡಿತು. ಎರಡು ದಿನದಲ್ಲಿ ಹೋಗುತ್ತದೆ ಎಂದುಕೊಂಡದ್ದು ಎರಡು ತಿಂಗಳಾದರೂ ಬಿಡಲಿಲ್ಲ. ಎಡಗಡೆಗೆ ನೋಡಬೇಕೆಂದರೆ ಇಡೀ ಮೈಯನ್ನೇ ತಿರುಗಿಸಬೇಕಾಗಿತ್ತು. ರಸ್ತೆ ದಾಟುವಾಗ ಬಸ್ಸಿನ ಸದ್ದು ಕೇಳುತ್ತಿತ್ತು, ಬಸ್ಸು ಕಾಣುತ್ತಿರಲಿಲ್ಲ. ಮಲಗಿ ಓದುವುದೂ ಕಷ್ಟವಾಗಿದ್ದ ಆ ದಿನಗಳಲ್ಲಿ ಗೋಡೆಗೆ ಒರಗಿ ಕೂತು ಜಿಮ್ ಕಾರ್ಬೆಟ್‌ನನ್ನು ಮತ್ತೆ ಓದಿದೆ.

ಕಾರ್ಬೆಟ್ ನಮ್ಮಲ್ಲಿ ಬಹಳ ಜನರಿಗೆ ಪರಿಚಯವಾದದ್ದು ಪೂರ್ಣಚಂದ್ರ ತೇಜಸ್ವಿಯವರಿಂದ. 'ರುದ್ರಪ್ರಯಾಗದ ಭಯಾನಕ ನರಭಕ್ಷಕ'ವನ್ನು ಹೈಸ್ಕೂಲಿನಲ್ಲಿ ಓದಿ, ರಾತ್ರಿ ಬಚ್ಚಲಿಗೆ ಹೋಗಲು ಹೆದರಿದವರಲ್ಲಿ ನಾನೂ ಒಬ್ಬ. ಆಗ ನನಗೆ ಕಂಡಿದ್ದ ಕಾರ್ಬೆಟ್‌ಗೆ ವಯಸ್ಸೇ ಇರಲಿಲ್ಲ. ಬೆಟ್ಟ ಹತ್ತುತ್ತಾನೆ, ಮರದ ಮೇಲೆ ಕೂರುತ್ತಾನೆ, ಊಟ ನಿದ್ದೆ ಬೇಡ, ಗುರಿ ತಪ್ಪುವುದಿಲ್ಲ. ಈ ಸಲ ಓದುವಾಗ ಪ್ರತಿ ಕತೆಯ ಪಕ್ಕದಲ್ಲೂ ಪೆನ್ಸಿಲ್‌ನಲ್ಲಿ ಅವನ ವಯಸ್ಸನ್ನು ಗುರುತು ಹಾಕಿಕೊಂಡೆ. ಅವನು ಹುಟ್ಟಿದ್ದು 1875ರ ಜುಲೈನಲ್ಲಿ, ನೈನಿತಾಲ್‌ನಲ್ಲಿ. 1907ರಲ್ಲಿ ಚಂಪಾವತದ ಹೆಣ್ಣು ಹುಲಿಯನ್ನು ಕೊಂದಾಗ ಅವನಿಗಿನ್ನೂ 32 ತುಂಬಿರಲಿಲ್ಲ. ರುದ್ರಪ್ರಯಾಗದ ಚಿರತೆ ಸತ್ತಾಗ, 1926ರ ಮೇ ತಿಂಗಳಲ್ಲಿ, 50. ಚೌಗಢದ ಹೆಣ್ಣು ಹುಲಿಗೆ 54. ಠಾಕ್ ಎಂಬ ಹಳ್ಳಿಯ ಮೇಲೆ ಕೊನೆಯ ನರಭಕ್ಷಕ ಹುಲಿಯನ್ನು ಹೊಡೆದಾಗ, 1938ರ ನವೆಂಬರಿನಲ್ಲಿ, 63. ಅವನ ಹೆಸರಾಂತ ಬೇಟೆಗಳಲ್ಲಿ ಹೆಚ್ಚಿನವು ನಡೆದದ್ದು ನಮ್ಮಲ್ಲಿ ಜನ ವಾಲಂಟರಿ ರಿಟೈರ್‌ಮೆಂಟಿನ ಲೆಕ್ಕ ಹಾಕುವ ವಯಸ್ಸಿನಲ್ಲಿ.

ರುದ್ರಪ್ರಯಾಗದ ಕತೆಯಲ್ಲೇ ಇದರ ಸುಳಿವು ಇದೆ, ಹುಡುಗನಾಗಿದ್ದಾಗ ನಾನು ಗಮನಿಸಿರಲಿಲ್ಲ. ಅಲಕನಂದಾ ನದಿಯ ತೂಗುಸೇತುವೆಯ ಗೋಪುರದ ಮೇಲೆ ಅವನು ಇಪ್ಪತ್ತು ರಾತ್ರಿ ಗಾಳಿಗೆ ಮೈಯೊಡ್ಡಿ ಕೂತ. ಚಿರತೆ ಬರಲಿಲ್ಲ. ಕೊನೆಗೆ ದೇಹ ಸೋತು, ಮನಸ್ಸೂ ಸೋತು, ಬೇಟೆಯನ್ನು ಬಿಟ್ಟು ಮನೆಗೆ ಹೊರಟುಹೋದ. ಅವನು ಊರಲ್ಲಿ ದಣಿವಾರಿಸಿಕೊಳ್ಳುತ್ತಿದ್ದಾಗ ಚಿರತೆ ಸುಮ್ಮನಿರಲಿಲ್ಲ, ಜನ ಸಾಯುತ್ತಲೇ ಇದ್ದರು. ಅದು ಗೊತ್ತಿದ್ದೂ ಅವನು ಹೋಗಿದ್ದ, ಮತ್ತು ಹೋದದ್ದನ್ನು ಮುಚ್ಚಿಡದೆ ಬರೆದಿದ್ದಾನೆ. ವಸಂತದಲ್ಲಿ ಮರಳಿ ಬಂದು ಗೋಲಾಬ್ರಾಯ್‌ನ ಮಾವಿನ ಮರದ ಮೇಲಿನಿಂದ ಅದನ್ನು ಹೊಡೆದ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ತಲ್ಲಾ ದೇಸ್‌ನ ಕತೆ. 1929ರಲ್ಲಿ ಹಿಮಾಲಯದ ತಪ್ಪಲಿನ ತರಾಯಿ ಪ್ರದೇಶದಲ್ಲಿ, ಬಿಂದುಖೇಡಾ ಎಂಬಲ್ಲಿ, ಒಂದು ಶಿಕಾರಿ ಪಾರ್ಟಿ ನಡೆದಿತ್ತು. ಆನೆಗಳ ಮೇಲೆ ಕೂತು ಬೇಟೆಯಾಡುವ, ಅತಿಥಿಗಳು, ಡೇರೆಗಳು, ಆಳುಕಾಳುಗಳು ಇರುವ ದೊಡ್ಡ ಪಾರ್ಟಿ. ಅಲ್ಲಿ ಯಾರದೋ ಬಂದೂಕು ಕಾರ್ಬೆಟ್‌ನ ಕಿವಿಯ ಪಕ್ಕದಲ್ಲೇ ಹಾರಿತು. ಎಡಗಿವಿಯ ತಮಟೆ ಹರಿಯಿತು. ಗಾಯ ಕೀವಾಗಿ, ತಲೆಯ ಒಳಗೆ ಕುರುವಾಗಿ, ಕೆಲವು ವಾರಗಳಲ್ಲಿ ಮುಖದ ಎಡಭಾಗ ಊದಿಕೊಂಡಿತು. ಕತ್ತು ತಿರುಗುತ್ತಿರಲಿಲ್ಲ. ಪೆನಿಸಿಲಿನ್ ವೈದ್ಯರ ಕೈಗೆ ಬರಲು ಇನ್ನೂ ಹತ್ತು ಹನ್ನೆರಡು ವರ್ಷ ಬಾಕಿ ಇದ್ದ ಕಾಲ. ಕೀವಾದರೆ ಕಾಯುವುದು ಬಿಟ್ಟು ಹೆಚ್ಚೇನೂ ಮಾಡುವಂತಿರಲಿಲ್ಲ. ನೈನಿತಾಲ್‌ನ ಆಸ್ಪತ್ರೆಯಲ್ಲಿ ಸ್ವಲ್ಪ ದಿನ ಇದ್ದು, ಏಪ್ರಿಲ್ ಮೊದಲ ವಾರದಲ್ಲಿ ಅವನು ಹೊರಟೇಬಿಟ್ಟ. ಕುಮಾವೂನಿನ ಪೂರ್ವದ ಅಂಚಿನಲ್ಲಿ, ನೇಪಾಳದ ಗಡಿಯತ್ತ, ತಲ್ಲಾ ದೇಸ್ ಎಂಬ ಪ್ರದೇಶದಲ್ಲಿ ಒಂದು ಹುಲಿ ವರ್ಷಗಳಿಂದ ಜನರನ್ನು ಕೊಲ್ಲುತ್ತಿತ್ತು. ಆರು ಜನ ಗಢವಾಲಿ ಆಳುಗಳ ಜೊತೆ ಟನಕ್‌ಪುರದವರೆಗೆ ರೈಲು, ಅಲ್ಲಿಂದ ಮುಂದೆ ನಡಿಗೆ.

ಯಾಕೆ ಹೋದ? ಮನೆಯವರು ತನ್ನ ನರಳಾಟ ನೋಡಿ ಸಂಕಟಪಡುವುದನ್ನು ತಪ್ಪಿಸಲು ಎಂಬುದು ಅವನೇ ಕೊಡುವ ಕಾರಣಗಳಲ್ಲಿ ಒಂದು. ಅದನ್ನು ನಾನು ಪೂರ್ತಿ ನಂಬುವುದಿಲ್ಲ. ಕೈಯಲ್ಲಿ ಕೆಲಸವಿದ್ದಾಗ ನೋವು ಸ್ವಲ್ಪ ಹಿಂದೆ ಸರಿಯುತ್ತದೆ ಎಂಬುದು ದೀರ್ಘಕಾಲ ನೋವು ಅನುಭವಿಸಿದವರಿಗೆಲ್ಲ ಗೊತ್ತು. ನೋವಿನ ಜೊತೆ ಖಾಲಿ ಕೋಣೆಯಲ್ಲಿ ಕೂರುವುದೇ ಕಷ್ಟ.

ಹುಲಿಯ ಜಾಡು ಹಿಡಿಯುವವನಿಗೆ ಕಿವಿ ಹೋಗುವುದೆಂದರೇನು ಎಂಬುದನ್ನು ಅವನ 'ಜಂಗಲ್ ಲೋರ್' ಓದಿದರೆ ತಿಳಿಯುತ್ತದೆ. ಕಾಡಿನಲ್ಲಿ ಅವನು ನಡೆಯುತ್ತಿದ್ದದ್ದು ಅರ್ಧ ಕಣ್ಣಿನಿಂದ, ಅರ್ಧ ಕಿವಿಯಿಂದ. ಲಂಗೂರ್ ಕೆಮ್ಮಿತೋ, ಕಾಡುಕುರಿ ಬೊಗಳಿತೋ, ಕಡವೆ ಕೂಗಿತೋ, ಕೂಗಿದ್ದು ಎಲ್ಲಿಂದ, ಎಷ್ಟು ದೂರದಿಂದ, ಕೂಗು ಯಾವ ಕಡೆಗೆ ಸರಿಯುತ್ತಿದೆ, ಇದನ್ನೆಲ್ಲ ಕೂಡಿಸಿ ಹುಲಿ ಎಲ್ಲಿದೆ ಎಂದು ಲೆಕ್ಕ ಹಾಕುತ್ತಿದ್ದ. ಸದ್ದಿನ ದಿಕ್ಕು ತಿಳಿಯಲು ಎರಡೂ ಕಿವಿ ಬೇಕು. ಒಂದೇ ಕಿವಿಯಿದ್ದರೆ ಸದ್ದು ಕೇಳುತ್ತದೆ, ದಿಕ್ಕು ಸರಿಯಾಗಿ ತಿಳಿಯುವುದಿಲ್ಲ. ಬಸ್ಸಿನ ಸದ್ದು ಕೇಳಿಯೂ ಬಸ್ಸು ಕಾಣದೆ ಫುಟ್‌ಪಾತಿನಲ್ಲಿ ಗಕ್ಕನೆ ನಿಂತವನಿಗೆ ಇದರ ಒಂದು ಕಾಸಿನಷ್ಟು ಅರ್ಥವಾಯಿತು.

ತಲ್ಲಾ ದೇಸ್‌ನಲ್ಲಿ ಅವನಿಗೆ ಮೊದಲು ಸಿಕ್ಕಿದ್ದು ಆ ಹುಲಿಯ ಬೆಳೆದ ಎರಡು ಮರಿಗಳು. ಎರಡನ್ನೂ ಹೊಡೆದ. ಕಾಣಿಸಿಕೊಂಡ ತಾಯಿಗೂ ಗುಂಡು ತಗುಲಿತು, ಆದರೆ ಸಾಯಲಿಲ್ಲ. ಗಾಯಗೊಂಡ ಹುಲಿಯನ್ನು ಬಿಟ್ಟು ಬರುವುದು ಅವನ ಲೆಕ್ಕದಲ್ಲಿ ಇರಲಿಲ್ಲ. ಮುಂದಿನ ಹಲವು ದಿನ ಒಂದು ವಿಚಿತ್ರ ಮೆರವಣಿಗೆ: ಮುಂದೆ ಗಾಯಗೊಂಡ ಹುಲಿ, ಹಿಂದೆ ಕತ್ತು ತಿರುಗದ, ಎಡಗಡೆ ಏನೂ ಕೇಳದ ಮನುಷ್ಯ. ಇಬ್ಬರೂ ಆಗಾಗ ನಿಂತು, ಮತ್ತೆ ಹೊರಟು. ಒಂದು ರಾತ್ರಿ ನೋವು ತಡೆಯಲಾಗದಷ್ಟು ಏರಿದಾಗ ಒಬ್ಬನೇ ಕಾಡಿಗೆ ಹೋಗಿ ಮರವೊಂದರ ಮೇಲೆ ಕೂತಿದ್ದ. ಅಲ್ಲಿಯೇ ತಲೆಯೊಳಗಿನ ಕುರು ಒಡೆದು ಮೂಗು, ಕಿವಿಗಳಿಂದ ಹರಿಯಿತು. ನೋವು ಇಳಿಯಿತು. ನಂತರ ಹುಲಿಯನ್ನು ಹುಡುಕಿ ಕೊಂದ. ಈ ಕತೆ ಅಚ್ಚಾದದ್ದು ಅದು ನಡೆದು ಕಾಲು ಶತಮಾನದ ಮೇಲೆ, 1954ರ 'ದ ಟೆಂಪಲ್ ಟೈಗರ್' ಪುಸ್ತಕದಲ್ಲಿ.

ಚರ್ಮ ಸುಲಿದಾಗ ಹುಲಿಯ ಮಾಂಸದೊಳಗೆ ಮುಳ್ಳುಹಂದಿಯ ಮುಳ್ಳುಗಳು ಸಿಕ್ಕವು. ಅದು ನರಭಕ್ಷಕ ಆದದ್ದಕ್ಕೆ ಕಾರಣ ಆ ಮುಳ್ಳುಗಳೇ.

ಇಲ್ಲಿಗೆ ಬಂದಾಗ ಪುಸ್ತಕ ಮಡಚಿಟ್ಟೆ. ವಯಸ್ಸಾದ, ಗಾಯವಾದ, ನೋವು ಬಿಡದ ಬೇಟೆಗಾರ ಎಂದು ನಾನು ಇಷ್ಟು ಹೊತ್ತು ಹುಡುಕುತ್ತಿದ್ದದ್ದು ಒಬ್ಬನನ್ನು. ಅಲ್ಲಿ ಇದ್ದದ್ದು ಇಬ್ಬರು.

ಕಾರ್ಬೆಟ್‌ನ ಪುಸ್ತಕಗಳನ್ನು ಈ ದೃಷ್ಟಿಯಿಂದ ಓದಿದರೆ ಅವು ಒಂದು ಪಶುವೈದ್ಯಕೀಯ ದಾಖಲೆಯಂತೆಯೂ ಇವೆ. ಪ್ರತಿ ಬೇಟೆಯ ಕೊನೆಗೆ ಅವನು ಹುಲಿಯ ಬಾಯಿ ತೆರೆದು ನೋಡುತ್ತಾನೆ, ಪಾದ ತಿರುಗಿಸಿ ನೋಡುತ್ತಾನೆ. 436 ಜನರನ್ನು ಕೊಂದಿತ್ತು ಎನ್ನುವ ಚಂಪಾವತದ ಹುಲಿಗೆ ಬಲಭಾಗದ ಮೇಲಿನ ಕೋರೆಹಲ್ಲು ಅರ್ಧ, ಕೆಳಗಿನದು ಬುಡದವರೆಗೂ ಮುರಿದಿತ್ತು, ಹಳೆಯ ಗುಂಡೇಟಿನಿಂದ. ಮುಕ್ತೇಶ್ವರದ ಹುಲಿ ಮುಳ್ಳುಹಂದಿಯ ಜೊತೆಗಿನ ಜಗಳದಲ್ಲಿ ಒಂದು ಕಣ್ಣು ಕಳೆದುಕೊಂಡು, ಮುಂಗಾಲ ತುಂಬ ಮುಳ್ಳು ಚುಚ್ಚಿಸಿಕೊಂಡಿತ್ತು. ಠಾಕ್‌ನ ಹುಲಿಯ ಮೈಯಲ್ಲಿ ಹಳೆಯ ಗುಂಡಿನ ಗಾಯಗಳಿದ್ದವು. ಹುಲಿ ಹುಟ್ಟಾ ಮನುಷ್ಯರನ್ನು ತಿನ್ನುವುದಿಲ್ಲ, ತನ್ನ ಸಹಜ ಬೇಟೆ ಹಿಡಿಯಲಾಗದಷ್ಟು ಗಾಯವಾದಾಗಲೋ ಮುದಿಯಾದಾಗಲೋ ಈ ದಾರಿ ಹಿಡಿಯುತ್ತದೆ ಎಂಬುದು ಅವನ ವಾದ. ಎಲ್ಲ ನರಭಕ್ಷಕಗಳಿಗೂ ಇದು ಹೊಂದುವುದಿಲ್ಲ ಎಂದು ಮುಂದೆ ಬಂದವರು ತೋರಿಸಿದ್ದಾರೆ. ಆದರೂ ಕುಮಾವೂನಿನ ಈ ಹುಲಿಗಳ ಮಟ್ಟಿಗೆ ಅವನು ಬಾಯಿ ಬಿಡಿಸಿ ನೋಡಿ ಹೇಳಿದ್ದು.

ಇವುಗಳಲ್ಲಿ ಚೌಗಢದ ಹುಲಿಯ ಕತೆಯೇ ಬೇರೆ. ಅದು ಮುದಿ ಹುಲಿ. ಉಗುರುಗಳು ಮುರಿದು ಸವೆದಿದ್ದವು, ಒಂದು ಕೋರೆಹಲ್ಲು ಮುರಿದಿತ್ತು, ಮುಂದಿನ ಹಲ್ಲುಗಳು ತೇದು ಹೋಗಿದ್ದವು. ಅದರ ಜೊತೆ ಬೆಳೆದ ಮರಿಯೊಂದು ತಿರುಗುತ್ತಿತ್ತು. ತಾಯಿ ಎಂದು ತಿಳಿದು ಕಾರ್ಬೆಟ್ ಮೊದಲು ಹೊಡೆದದ್ದು ಆ ಮರಿಯನ್ನು. ಆಮೇಲೆ ಒಂದು ಬದಲಾವಣೆ ಕಾಣಿಸಿತು: ಹುಲಿಯ ಕೈಗೆ ಸಿಕ್ಕವರಲ್ಲಿ ಕೆಲವರು ಸಾಯದೆ, ಮೈಯೆಲ್ಲ ಸಿಗಿಸಿಕೊಂಡು ತಪ್ಪಿಸಿಕೊಂಡು ಬರತೊಡಗಿದರು. ಅಲ್ಲಿಯವರೆಗೆ ಹಿಡಿದದ್ದನ್ನು ಮುಗಿಸಲು ಮರಿಯ ನೆರವಿತ್ತು. ಈಗ ಮುದುಕಿ ಒಬ್ಬಳೇ. 1930ರ ಏಪ್ರಿಲ್‌ನಲ್ಲಿ ಅದು ಸಾಯುವವರೆಗೂ ಹಾಗೆಯೇ ನಡೆಯಿತು. ನಮ್ಮ ಮನೆಗಳಲ್ಲಿ ಮಗ ದೂರ ಹೋದ ಮೇಲೆ ಗದ್ದೆ ಬಿಡಲೊಪ್ಪದ ಅಜ್ಜಂದಿರು ನನಗೆ ನೆನಪಾದರು. ಹುಲಿಗೂ ಅಜ್ಜನಿಗೂ ಹೋಲಿಕೆ ಸರಿಯಲ್ಲ, ಆದರೂ ನೆನಪಾದರು.

ಈ ಮುರಿದ ಹಲ್ಲುಗಳು ಎಲ್ಲಿಂದ ಬಂದವು ಎಂಬ ಪ್ರಶ್ನೆಗೆ ಮುಳ್ಳುಹಂದಿ ಅರ್ಧ ಉತ್ತರ ಮಾತ್ರ. ಉಳಿದರ್ಧ ಬಂದೂಕು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಹುಲಿ ಹೊಡೆಯುವುದು ದೊರೆಗಳ, ಅಧಿಕಾರಿಗಳ ರಜಾಕಾಲದ ಆಟವಾಯಿತು. ಹುಲಿ ಕೊಂದವರಿಗೆ ಸರ್ಕಾರ ಇನಾಮು ಕೊಡುತ್ತಿತ್ತು. ಹಳ್ಳಿಯವರ ಕೈಯಲ್ಲೂ ಬೆಳೆ ಕಾಯಲೆಂದು ನಾಡಕೋವಿಗಳಿದ್ದವು. ಇಷ್ಟೊಂದು ಬಂದೂಕು ಹಾರುವಾಗ ಗುರಿ ತಪ್ಪಿದ್ದೂ ಎಷ್ಟೋ. ಈಡು ತಗುಲಿಯೂ ಸಾಯದ ಪ್ರಾಣಿ ಎಲ್ಲಿಗೆ ಹೋಗುತ್ತದೆ, ಏನು ತಿನ್ನುತ್ತದೆ ಎಂದು ಶಿಕಾರಿ ಡೇರೆಯಲ್ಲಿ ಕೂತವರು ಯೋಚಿಸಬೇಕಾಗಿರಲಿಲ್ಲ. ಕಾರ್ಬೆಟ್‌ನ ಕಿವಿ ಹರಿದದ್ದೂ ಅಂಥದೇ ಒಂದು ಪಾರ್ಟಿಯಲ್ಲಿ, ಅಂಥದೇ ಒಂದು ಅಜಾಗರೂಕ ಗುಂಡಿನಿಂದ. ಅವನೇನೂ ಇದರ ಹೊರಗೆ ನಿಂತವನಲ್ಲ. ಯಾರಿಗೂ ತೊಂದರೆ ಕೊಡದಿದ್ದ ಪವಲ್‌ಗಢದ ಭಾರಿ ಗಂಡು ಹುಲಿಯನ್ನು 1930ರಲ್ಲಿ ಅವನು ಹೊಡೆದದ್ದು ಅದು ದೊಡ್ಡದು ಎಂಬ ಒಂದೇ ಕಾರಣಕ್ಕೆ. ಆ ಅಧ್ಯಾಯವನ್ನು ಈ ಸಲ ನನಗೆ ಓದಿ ಮುಗಿಸಲಾಗಲಿಲ್ಲ.

ಇನ್ನೊಂದು ಮಾತನ್ನೂ ಹೇಳಬೇಕು. ನೋವಿದ್ದೂ ಕಾಡಿಗೆ ಹೋದವನೆಂದು ಕಾರ್ಬೆಟ್‌ನನ್ನು ಹೊಗಳುವುದು ಸುಲಭ. ಅವನ ಪುಟಗಳಲ್ಲಿ ಸಾಯುವವರಲ್ಲಿ ಹೆಚ್ಚಿನವರು ಹೆಂಗಸರು: ಹುಲ್ಲು ಕೊಯ್ಯಲು, ದನಗಳಿಗೆ ಓಕ್ ಸೊಪ್ಪು ಕಡಿಯಲು, ಸೌದೆ ತರಲು ಹೋದವರು. ಹುಲಿ ಇದೆ ಎಂದು ಗೊತ್ತಿದ್ದೂ ಹೋಗುತ್ತಿದ್ದರು, ಯಾಕೆಂದರೆ ಕೊಟ್ಟಿಗೆಯಲ್ಲಿ ದನ ಹಸಿದಿರುತ್ತಿತ್ತು. ಅವರಿಗೂ ಸೊಂಟ ನೋಯುತ್ತಿದ್ದಿರಬೇಕು, ಅವರಲ್ಲೂ ಮುದುಕಿಯರಿದ್ದರು. ಕಾರ್ಬೆಟ್‌ಗೆ ಆಸ್ಪತ್ರೆಯ ಹಾಸಿಗೆಯಲ್ಲಿ ಉಳಿಯುವ ಆಯ್ಕೆ ಇತ್ತು. ಅವರಿಗೆ ಆ ಆಯ್ಕೆ ಇರಲಿಲ್ಲ. ಇದು ಕಾರ್ಬೆಟ್‌ಗೂ ಗೊತ್ತಿತ್ತು ಎಂದು ನನಗನ್ನಿಸುತ್ತದೆ. ಹಳ್ಳಿಯವರ ಬಗ್ಗೆ ಬರೆಯುವಾಗ ಅವನ ದನಿ ತಗ್ಗುತ್ತದೆ. ಅವನ ಹಾಸಿಗೆ, ಪಾತ್ರೆ, ಡೇರೆ ಹೊತ್ತು ನಡೆದ ಗಢವಾಲಿಗಳ ಬೆನ್ನು ನೋವಿನ ಬಗ್ಗೆ ಮಾತ್ರ ಯಾರೂ ಬರೆದಿಲ್ಲ.

ಅರವತ್ತು ದಾಟಿದ ಮೇಲಿನ ಬೇಟೆ ಹೇಗೆ ಬದಲಾಯಿತು ಎಂಬುದಕ್ಕೆ ಠಾಕ್ ಒಳ್ಳೆಯ ಉದಾಹರಣೆ. ಇದೇ ಕೊನೆಯದು ಎಂದು ನಿರ್ಧರಿಸಿಕೊಂಡಿದ್ದ. ದಿನಗಟ್ಟಲೆ ಓಡಾಡಿ ಏನೂ ಗಿಟ್ಟದೆ, ಕೊಟ್ಟುಕೊಂಡಿದ್ದ ಗಡುವಿನ ಕೊನೆಯ ಸಂಜೆ ಬಂತು. ಹುಲಿ ಬೆದೆಗೆ ಬಂದು ಸಂಗಾತಿಯನ್ನು ಕರೆಯುತ್ತಿತ್ತು. ಅವನು ಹುಲಿಯ ಹಿಂದೆ ಹೋಗುವುದನ್ನು ಬಿಟ್ಟು, ಗಂಡು ಹುಲಿಯಂತೆ ಕೂಗಿ ಅದನ್ನೇ ತನ್ನ ಬಳಿಗೆ ಕರೆದ. ಕತ್ತಲಾಗುವ ಹೊತ್ತಿಗೆ ಬಂಡೆಯೊಂದಕ್ಕೆ ಆತು ನಿಂತು ಹೊಡೆದಾಗ ರೈಫಲ್ಲಿನ ಒದೆತಕ್ಕೆ ಅವನೇ ಉರುಳಿ, ಕೆಳಗೆ ಕೂತಿದ್ದ ಆಳುಗಳ ಮೇಲೆ ಬಿದ್ದ. ಕಾಲಿನ ಕೆಲಸವನ್ನು ಗಂಟಲು ಮಾಡಿತ್ತು. ಈ ಕಾಲದಲ್ಲೇ ಅವನು ರೈಫಲ್ಲಿಗಿಂತ ಹೆಚ್ಚಾಗಿ ಸಿನಿಮಾ ಕ್ಯಾಮೆರಾ ಹಿಡಿಯತೊಡಗಿದ್ದ. ಕ್ಯಾಮೆರಾದ ಸದ್ದು ಹುಲಿಗಳಿಗೆ ಕೇಳದಿರಲೆಂದು ತೊರೆಗೆ ಅಡ್ಡಕಟ್ಟಿ ನೀರು ಸುರಿಯುವ ಸದ್ದು ಮಾಡಿಸಿ, ತಿಂಗಳುಗಟ್ಟಲೆ ಕಾದು, ಏಳು ಹುಲಿಗಳನ್ನು ಚಿತ್ರೀಕರಿಸಿದ. ಬೇಟೆಯಲ್ಲಿ ಬೇಕಾದ ಕಾಯುವಿಕೆ ಎಲ್ಲವೂ ಅಲ್ಲಿತ್ತು.

ಎರಡನೆಯ ಮಹಾಯುದ್ಧದಲ್ಲಿ ಸೈನ್ಯದ ಕೆಲಸ ಮಾಡುತ್ತಿದ್ದಾಗ ಉಣ್ಣೆ ಕಚ್ಚಿ ಬರುವ ಟೈಫಸ್ ತಗುಲಿ ಮೂಳೆ ಚಕ್ಕಳವಾದ. ಇನ್ನು ಮೊದಲಿನಂತೆ ಓಡಾಡುವುದು ಆಗದ ಮಾತು ಎಂದಿದ್ದರಂತೆ. ಆದರೆ 1944ರಲ್ಲಿ, 68ರ ವಯಸ್ಸಿನಲ್ಲಿ, ಬರ್ಮಾಕ್ಕೆ ಹೋಗುವ ಸೈನಿಕರಿಗೆ ಕಾಡಿನಲ್ಲಿ ಬದುಕುವುದನ್ನು ಕಲಿಸುತ್ತಿದ್ದ. ಆಮೇಲೆ ಮಲೇರಿಯಾ. ಅದೇ ವರ್ಷ 'ಮ್ಯಾನ್ ಈಟರ್ಸ್ ಆಫ್ ಕುಮಾವೂನ್' ಪ್ರಕಟವಾಯಿತು. ನಾವೆಲ್ಲ ಓದಿರುವ ಕಾರ್ಬೆಟ್, ಅಂದರೆ ಬರಹಗಾರ ಕಾರ್ಬೆಟ್, ಹುಟ್ಟಿದ್ದು ಬೇಟೆಗಾರನ ದೇಹ ಮುಷ್ಕರ ಹೂಡಿದ ಮೇಲೆ.

1947ರಲ್ಲಿ ಅಕ್ಕ ಮ್ಯಾಗಿಯ ಜೊತೆ ಕೀನ್ಯಾಕ್ಕೆ ಹೋಗಿ ನ್ಯೇರಿ ಎಂಬ ಊರಲ್ಲಿ ನೆಲೆಸಿದ. 1955ರ ಏಪ್ರಿಲ್‌ನಲ್ಲಿ ಅಲ್ಲೇ ತೀರಿಕೊಂಡ. ಅದಕ್ಕೆ ಮೂರು ವರ್ಷ ಮೊದಲು, 1952ರ ಫೆಬ್ರವರಿ 5ರ ರಾತ್ರಿ, ಇಂಗ್ಲೆಂಡಿನ ರಾಜಕುಮಾರಿ ಎಲಿಜಬೆತ್ ಆ ಊರಿನ ಹತ್ತಿರದ ಟ್ರೀಟಾಪ್ಸ್ ಎಂಬ ಮರದ ಮೇಲಿನ ಮನೆಯಲ್ಲಿ ತಂಗಿದ್ದಳು. ಆ ರಾತ್ರಿಯೇ ಅವಳ ತಂದೆ ತೀರಿಕೊಂಡು ಅವಳು ರಾಣಿಯಾದಳು, ಅದು ಅಲ್ಲಿದ್ದ ಯಾರಿಗೂ ಇನ್ನೂ ಗೊತ್ತಿರಲಿಲ್ಲ. ಮೇಲೆ ಅತಿಥಿಗಳು ಮಲಗಿದ್ದಾಗ ಕಾವಲಿಗೆ ಎದ್ದಿದ್ದವನು 76 ವರ್ಷದ ಕಾರ್ಬೆಟ್. ಚಿರತೆ ಮರ ಹತ್ತಿದರೆ ಎಂದು ರೈಫಲ್ ಇಟ್ಟುಕೊಂಡಿದ್ದ. ಕತ್ತಲಲ್ಲಿ ಕಣ್ಣು ಹೆಚ್ಚು ಕೆಲಸಕ್ಕೆ ಬಾರದು, ಕೇಳಿಸಿಕೊಂಡೇ ಕಾಯಬೇಕು. ಬಲಗಿವಿಯನ್ನು ಏಣಿಯ ಕಡೆಗೆ ಮಾಡಿ ಕೂತಿದ್ದಿರಬೇಕು.