ಕಾವೇರಿಯ ಬಿಳಿ ಮೀನು

ಹೊಸೂರಿನಿಂದ ಅಂಚೆಟ್ಟಿ ಕಾಡು ದಾಟಿದರೆ ಸಿಗುವ ಕಾವೇರಿ ಒಂದು ಕಾಲಕ್ಕೆ ಗಾಳಗಾರರಲ್ಲಿ ಜಗತ್ಪ್ರಸಿದ್ಧ. ಸ್ವಲ್ಪ ಮೇಲೆ, ಕರ್ನಾಟಕದ ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಗಳಲ್ಲಿ ಮೀನುಗಾಳದ ಶಿಬಿರಗಳಿದ್ದವು. ವಿದೇಶಿಯರು ಬರುತ್ತಿದ್ದುದು ಬಿಳಿ ಮೀನಿಗಾಗಿ, ಅಂದರೆ ಮಹಶೀರ್‌ಗಾಗಿ. 1946ರಲ್ಲಿ ಕಬಿನಿಯಲ್ಲಿ ಸಿಕ್ಕ ಒಂದು ಮೀನು 120 ಪೌಂಡ್ ತೂಗಿತ್ತು. ಹರಿಗೋಲು ನಡೆಸಿ ಬಂಡೆಗಳ ನಡುವಿನ ಮಡು ತೋರಿಸುತ್ತಿದ್ದವರು ಸುತ್ತಲಿನ ಹಳ್ಳಿಗರು. ಗಾಳಕ್ಕೆ ಸಿಕ್ಕಿಸುತ್ತಿದ್ದುದೇನು ಗೊತ್ತೆ? ನಮ್ಮ ರಾಗಿ ಹಿಟ್ಟಿನ ಉಂಡೆ!

ಹಿಡಿದ ಮೀನನ್ನು ತೂಗಿ, ಬರೆದಿಟ್ಟು, ಮತ್ತೆ ನದಿಗೆ ಬಿಡುವುದು ಅಲ್ಲಿನ ನಿಯಮ. ಆ ಪುಸ್ತಕಗಳೇ ಮುಂದೆ ವಿಜ್ಞಾನಿಗಳಿಗೆ ಸಾಕ್ಷಿಯಾದವು: ಕಾವೇರಿಯದೇ ಆದ ಗೂನುಬೆನ್ನಿನ, ಕಿತ್ತಳೆ ರೆಕ್ಕೆಯ ಮಹಶೀರ್ ವರ್ಷವರ್ಷಕ್ಕೂ ಅಪರೂಪವಾಗಿ, ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯದು ಹೆಚ್ಚಿತ್ತು. 2018ರಲ್ಲಿ ನಮ್ಮ ಮೀನು ಅತ್ಯಂತ ಅಪಾಯದಲ್ಲಿರುವ ಜೀವಿಗಳ ಪಟ್ಟಿ ಸೇರಿತು.

ವನ್ಯಜೀವಿ ಕಾಯ್ದೆಯ ಕಾರಣ ಅಭಯಾರಣ್ಯದೊಳಗಿನ ಗಾಳ ಅಷ್ಟರಲ್ಲಾಗಲೇ ನಿಂತಿತ್ತು. ಮೀನಿನ ಲೆಕ್ಕವೂ ಅದರೊಂದಿಗೇ ನಿಂತಿತೆಂಬುದು ನಮ್ಮ ಬೇಸರ. ನಮ್ಮ ಕಡೆಯೂ 2014ರಲ್ಲಿ ಕಾವೇರಿ ಉತ್ತರ, 2022ರಲ್ಲಿ ಕಾವೇರಿ ದಕ್ಷಿಣ ವನ್ಯಜೀವಿಧಾಮಗಳಾಗಿವೆ. ನದಿ ನೋಡಲು ಹೋಗುವ ಸದಸ್ಯರು ಗಾಳವನ್ನು ಮನೆಯಲ್ಲೇ ಬಿಟ್ಟು ಹೋಗಬೇಕೆಂದು ಕೋರುತ್ತೇವೆ.