ಆಟೋ ಸ್ಟಾರ್ಟರ್ ಟೈಮರ್ ಬೋರ್ಡಿನ ಪರೀಕ್ಷೆ: ಬೆಂಚ್ ಪವರ್ ಸಪ್ಲೈನಲ್ಲಿ ಕಾಲಬದ್ಧ ಹಂತಗಳ ಅಳವಡಿಕೆ

(ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳ ಐಟಿಐ ಅಭ್ಯರ್ಥಿಗಳು, ದುರಸ್ತಿಗಾರರು ಹಾಗೂ ರೈತರ ಮಾಹಿತಿಗಾಗಿ)

1. ಹಿನ್ನೆಲೆ
ಸದರಿ ತಾಲ್ಲೂಕುಗಳಲ್ಲಿ ಅನೇಕ ಅಡಿಕೆ ಮತ್ತು ತೆಂಗಿನ ತೋಟಗಳು ಕೊಳವೆಬಾವಿಗಳನ್ನು ಅವಲಂಬಿಸಿವೆ. ಪಂಪ್‌ಸೆಟ್‌ಗಳಿಗೆ ತ್ರೀ ಫೇಸ್ ವಿದ್ಯುತ್ ನಿಗದಿತ ಅವಧಿಯಲ್ಲಿ ಮಾತ್ರ ದೊರೆಯುವುದರಿಂದ ಆಟೋ ಸ್ಟಾರ್ಟರ್ ಬಳಕೆಯಲ್ಲಿದೆ. ನೇರವಾಗಿ ಚಾಲನೆಗೊಳ್ಳುವ ಮೋಟಾರು ಆರಂಭದಲ್ಲಿ ಪೂರ್ಣ ಹೊರೆಯ ಕರೆಂಟಿನ ಸುಮಾರು 5ರಿಂದ 7 ಪಟ್ಟು ಎಳೆಯುತ್ತದೆ. ವಿದ್ಯುತ್ ಬಂದೊಡನೆ ಎಲ್ಲ ಮೋಟಾರುಗಳು ಏಕಕಾಲಕ್ಕೆ ಚಾಲನೆಗೊಂಡಲ್ಲಿ ಟ್ರಾನ್ಸ್‌ಫಾರ್ಮರ್ ಮೇಲೆ ಅಧಿಕ ಒತ್ತಡ ಬೀಳುತ್ತದೆ. ಇದನ್ನು ತಪ್ಪಿಸಲು ಟೈಮರ್ ಬೋರ್ಡ್ ಕೆಲವು ಸೆಕೆಂಡು ವಿಳಂಬ ಮಾಡುತ್ತದೆ. ಕ್ಷಣಕಾಲ ವಿದ್ಯುತ್ ಹೋಗಿ ಬಂದಾಗಲೂ ಈ ವಿಳಂಬವು ಮೊದಲಿನಿಂದ ಎಣಿಕೆಯಾಗತಕ್ಕದ್ದು. ಇಲ್ಲವಾದಲ್ಲಿ, ಕೊಳವೆಯ ನೀರು ಕೆಳಗಿಳಿದು ಹಿಮ್ಮುಖವಾಗಿ ತಿರುಗುತ್ತಿರುವ ಪಂಪು ಪುನಃ ಚಾಲನೆಗೊಂಡು ಶಾಫ್ಟ್ ಮುರಿಯುವ ಸಂಭವವಿರುತ್ತದೆ.

2. ಪೂರ್ವಸಿದ್ಧತೆ
ಅ) ಬೋರ್ಡನ್ನು ಸ್ಟಾರ್ಟರಿನಿಂದ ಸಂಪೂರ್ಣವಾಗಿ ಬೇರ್ಪಡಿಸತಕ್ಕದ್ದು. ಮೇನ್ಸ್ ಸಂಪರ್ಕವಿರುವಾಗ ಬೆಂಚ್ ಸಪ್ಲೈ ಜೋಡಿಸುವುದು ಪ್ರಾಣಾಪಾಯಕಾರಿ.
ಆ) ಹಂತಗಳನ್ನು ನಮೂದಿಸುವ ಮುನ್ನವೇ ಕರೆಂಟ್ ಮಿತಿ ನಿಗದಿಪಡಿಸಬೇಕು. ಬೋರ್ಡ್ 150 ಮಿಲಿ ಆಂಪಿಯರ್ ಬಳಸುವುದಾದಲ್ಲಿ 300 ಮಿಲಿ ಆಂಪಿಯರ್ ಸಾಕಾಗುತ್ತದೆ.
ಇ) ಅಧಿಕ ವೋಲ್ಟೇಜ್ ರಕ್ಷಣೆಯನ್ನು 14 ವೋಲ್ಟ್‌ಗೆ ಇರಿಸಬೇಕು.

3. ಹಂತಗಳ ಪಟ್ಟಿ
ಪ್ರತಿ ಹಂತಕ್ಕೆ ವೋಲ್ಟೇಜ್ ಮತ್ತು ಅವಧಿಯನ್ನು ನಮೂದಿಸಬೇಕು. 12 ವೋಲ್ಟ್ ಡಿ.ಸಿ. ರಿಲೇ ಹಾಗೂ 30 ಸೆಕೆಂಡು ವಿಳಂಬವುಳ್ಳ ಬೋರ್ಡಿಗೆ ಉದಾಹರಣೆ ಈ ಕೆಳಕಂಡಂತಿದೆ:

ಹಂತ 1: 0 ವೋಲ್ಟ್, 5 ಸೆಕೆಂಡು
ಹಂತ 2: 12 ವೋಲ್ಟ್, 45 ಸೆಕೆಂಡು (30ನೇ ಸೆಕೆಂಡಿಗೆ ರಿಲೇ ಕೂಡಬೇಕು)
ಹಂತ 3: 0 ವೋಲ್ಟ್, 5 ಸೆಕೆಂಡು (ರಿಲೇ ಬಿಡಬೇಕು)
ಹಂತ 4: 12 ವೋಲ್ಟ್, 45 ಸೆಕೆಂಡು (ವಿಳಂಬ ಮೊದಲಿನಿಂದ ಎಣಿಕೆಯಾಗಬೇಕು)
ಹಂತ 5: 9 ವೋಲ್ಟ್, 20 ಸೆಕೆಂಡು (ರಿಲೇ ಪಟಪಟ ಬಡಿಯಬಾರದು)
ಹಂತ 6: 0 ವೋಲ್ಟ್, 5 ಸೆಕೆಂಡು

ಒಂದು ಸುತ್ತಿಗೆ 125 ಸೆಕೆಂಡು ತಗಲುತ್ತದೆ. 10 ಸುತ್ತುಗಳಿಗೆ 20 ನಿಮಿಷ 50 ಸೆಕೆಂಡು ಬೇಕಾಗುತ್ತದೆ. ಒಮ್ಮೆ ಸರಿಯಾಗಿ ನಡೆದ ಬೋರ್ಡ್ ಐದಾರನೇ ಸುತ್ತಿನಲ್ಲಿ ತಪ್ಪುವುದುಂಟಾದ್ದರಿಂದ ಪುನರಾವರ್ತನೆ ಅವಶ್ಯಕ.

4. ವಿಶೇಷ ಸೂಚನೆಗಳು
ಅ) 0 ವೋಲ್ಟ್ ಎಂದು ನಮೂದಿಸುವುದೂ ಔಟ್‌ಪುಟ್ ಬಂದ್ ಮಾಡುವುದೂ ಒಂದೇ ಅಲ್ಲ. ಕೆಲವು ಉಪಕರಣಗಳು ಪಟ್ಟಿ ಮುಗಿದ ನಂತರವೂ ಕೊನೆಯ ಹಂತದ ವೋಲ್ಟೇಜನ್ನೇ ಉಳಿಸಿಕೊಳ್ಳುತ್ತವೆ. ಆದ್ದರಿಂದ ಕೊನೆಯ ಹಂತವು ಕಡ್ಡಾಯವಾಗಿ 0 ವೋಲ್ಟ್ ಆಗಿರಬೇಕು.
ಆ) ಕೆಪಾಸಿಟರ್‌ಗಳಲ್ಲಿ ಉಳಿದ ಚಾರ್ಜಿನಿಂದ ವೋಲ್ಟೇಜ್ ನಿಧಾನವಾಗಿ ಇಳಿಯಬಹುದು. ಹಂತ 3ರಲ್ಲಿ ಮಲ್ಟಿಮೀಟರಿನಿಂದ ಅಳೆದು, ಅಗತ್ಯವಿದ್ದಲ್ಲಿ ಅವಧಿಯನ್ನು ಹೆಚ್ಚಿಸಬೇಕು.
ಇ) ಪರೀಕ್ಷೆಯ ನಡುವೆ ಕರೆಂಟ್ ಮಿತಿ ಸೂಚಕ ದೀಪ ಬೆಳಗಿದಲ್ಲಿ ತಕ್ಷಣ ನಿಲ್ಲಿಸಿ ಬೋರ್ಡನ್ನು ತಪಾಸಣೆ ಮಾಡತಕ್ಕದ್ದು. ಮಿತಿಯನ್ನು ಹೆಚ್ಚಿಸಿ ಮುಂದುವರಿಸಬಾರದು.

5. ರೈತರ ಗಮನಕ್ಕೆ
ದುರಸ್ತಿಯಾದ ಬೋರ್ಡನ್ನು ಮರಳಿ ಪಡೆಯುವಾಗ ಎಷ್ಟು ಸುತ್ತು ಪರೀಕ್ಷಿಸಲಾಯಿತು, ವಿದ್ಯುತ್ ಹೋಗಿ ಬಂದಾಗ ವಿಳಂಬ ಎಷ್ಟು ಸೆಕೆಂಡು ಬಂದಿತು ಎಂಬುದನ್ನು ಬರೆಯಿಸಿಕೊಳ್ಳುವುದು ಸೂಕ್ತ. ಅಕ್ಕಪಕ್ಕದ ಪಂಪ್‌ಸೆಟ್‌ಗಳಿಗೆ ಬೇರೆ ಬೇರೆ ವಿಳಂಬ ಇರಿಸಿಕೊಂಡಲ್ಲಿ ಟ್ರಾನ್ಸ್‌ಫಾರ್ಮರ್ ಮೇಲಿನ ಆರಂಭಿಕ ಹೊರೆ ಹಂಚಿಹೋಗುತ್ತದೆ.