ತಂಬೂರಿ ಹಿಡಿದವರ ಜಾಗ

ಬೆಂಗಳೂರಿನ ಒಂದು ಪಬ್‌ನಲ್ಲಿ ನಡೆದ ಎಲೆಕ್ಟ್ರಾನಿಕ್ ಮ್ಯೂಸಿಕ್ ಶೋನ ವಿಡಿಯೋನ ಊರಿಗೆ ಹೋದಾಗ ಅವ್ವಂಗೆ ತೋರಿಸಿದೆ. ಲ್ಯಾಪ್‌ಟಾಪ್ ಹಿಂದೆ ಒಬ್ಬ, ತಲೆ ಆಡಿಸ್ತಾ ನಿಂತಿದ್ದಾನೆ. ಅವ್ವ ಎರಡು ನಿಮಿಷ ನೋಡಿ, "ಅವ ಯಾನ ಮಾಡ್ತಾವ್ನ ಕೂಸು?" ಅಂದಳು. ಉತ್ತರ ಗೊತ್ತಿರಲಿಲ್ಲ. ಆಫೀಸಲ್ಲಿ ನನ್ನನ್ನ ನೋಡಿದ್ರೂ ಅವಳು ಇದನ್ನೇ ಕೇಳೋಳು.

ನಮ್ಮ ಚಂದಕವಾಡಿ ಕಡೆ ಈ ಪ್ರಶ್ನೆ ಹುಟ್ಟೋದಿಲ್ಲ. ಮಾದಪ್ಪನ ಕಥೆ ಹಾಡೋ ಕಂಸಾಳೆಯವರ ಒಂದು ಕೈಯಲ್ಲಿ ಬಟ್ಟಲಿನಂಥ ತಾಳ, ಇನ್ನೊಂದರಲ್ಲಿ ದಾರ ಕಟ್ಟಿದ ಚಪ್ಪಟೆ ತಾಳ. ಬೀಸು ಕಂಸಾಳೆಯಲ್ಲಿ ಅದನ್ನ ತಲೆ ಮೇಲೆ, ಬೆನ್ನ ಹಿಂದೆ ಬೀಸಿ ಬೀಸಿ ಹೊಡೀತಾರೆ. ಮೈ ನಿಂತರೆ ಸದ್ದೂ ನಿಂತಿತು.

ಮೈಯಿಂದ ಸದ್ದು ಬೇರೆಯಾಗಿದ್ದು ಡಿಜೆಗಳ ಕಾಲದಲ್ಲಿ ಅಂತ ನಾನು ಅಂದುಕೊಂಡಿದ್ದೆ. ಕರ್ನಾಟಕ ಸಂಗೀತದ ವೇದಿಕೆಯಲ್ಲಿ ಅದು ಮೊದಲೇ ಆಗಿಹೋಗಿತ್ತು. 1979ರಲ್ಲಿ ಬೆಂಗಳೂರಲ್ಲಿ ಇಂಜಿನಿಯರೂ ಕೊಳಲುವಾದಕರೂ ಆದ ಜಿ. ರಾಜ್ ನಾರಾಯಣ್ ರಾಡೆಲ್ ಕಂಪನಿ ಶುರು ಮಾಡಿದರು. ಅದರ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ, ತಂಬೂರಿಗಳು ಮನೆಮನೆ ಸೇರಿದವು. ತಂತಿ ಹರಿಯೋ ಚಿಂತೆ ಇಲ್ಲ, ಬಸ್ಸಲ್ಲಿ ಒಯ್ಯಬಹುದು, ಒಬ್ಬರೇ ಕೂತು ಸಾಧನೆ ಮಾಡಬಹುದು. ದೊಡ್ಡ ಉಪಕಾರ ಅದು, ಸುಳ್ಳು ಹೇಳಬಾರದು.

ಆದ್ರೆ ತಂಬೂರಿ ಮೀಟೋರು ಯಾರಾಗಿದ್ರು? ಎಷ್ಟೋ ಸಲ ಶಿಷ್ಯರೇ. ನಾಲ್ಕು ತಂತಿ, ಮೂರು ಗಂಟೆ. ಸಭೆಯಲ್ಲಿ ಯಾರೂ ಅವರನ್ನ ನೋಡಲ್ಲ. ಸ್ಟೇಜ್ ಪ್ರೆಸೆನ್ಸ್ ಅಂತೀವಲ್ಲ, ಅದು ಸೊನ್ನೆ. ಆದರೂ ಗುರು ಎಲ್ಲಿ ಉಸಿರು ತಗೊಂಡ್ರು, ಯಾವ ಸ್ವರಕ್ಕೆ ಹಿಂಜರಿದ್ರು, ತಪ್ಪಿದಾಗ ಹೇಗೆ ಮುಚ್ಚಿಕೊಂಡ್ರು, ಎಲ್ಲ ಒಂದು ಮೊಳ ದೂರದಿಂದ ಕಾಣೋ ಜಾಗ ಅದು. ಪೆಟ್ಟಿಗೆ ಬಂದು ಕೂತಿದ್ದು ಆ ಜಾಗದಲ್ಲಿ. ಈಗ ಮೊಬೈಲ್ ಆ್ಯಪ್. ಶ್ರುತಿ ಕೆಡಲಿಲ್ಲ, ಕಲಿಯೋನ ಸೀಟು ಹೋಯ್ತು.

ಜರ್ಮನಿಯ ಕ್ರಾಫ್ಟ್‌ವರ್ಕ್ ತಂಡಕ್ಕೆ ಈ ಮುಜುಗರ ಗೊತ್ತಿತ್ತು ಅನ್ಸುತ್ತೆ. 1981ರ ಪ್ರವಾಸದಲ್ಲಿ ಒಂದು ಹಾಡಿಗೆ ತಮ್ಮ ಬದಲು ತಮ್ಮದೇ ಬೊಂಬೆಗಳನ್ನ ನಿಲ್ಲಿಸಿದರು. ಇನ್ನೊಂದು ಹಾಡಲ್ಲಿ ಪುಟ್ಟ ಯಂತ್ರಗಳನ್ನ ಹಿಡಿದು ವೇದಿಕೆಯ ಅಂಚಿಗೆ ಬಂದು, ಮುಂದಿನ ಸಾಲಿನವರ ಕೈಲೇ ಗುಂಡಿ ಒತ್ತಿಸಿದರು. ಬೊಂಬೆಗಿಂತ ಈ ಎರಡನೇದು ನಂಗೆ ಇಷ್ಟ. ಸದ್ದು ಎಲ್ಲಿಂದ ಹುಟ್ತು ಅಂತ ಜನಕ್ಕೆ ಗೊತ್ತಾಯ್ತು.

2004ರಿಂದ ಟಾಪ್‌ಲ್ಯಾಪ್ ಅನ್ನೋ ಲೈವ್ ಕೋಡಿಂಗ್ ಬಳಗದವರು ಇದನ್ನೇ ಪಟ್ಟು ಹಿಡಿದಿದ್ದಾರೆ: ವೇದಿಕೆ ಮೇಲೆ ಕೋಡ್ ಬರೀತಾ ಸಂಗೀತ ನುಡಿಸಿ, ಸ್ಕ್ರೀನನ್ನ ಗೋಡೆ ಮೇಲೆ ತೋರಿಸಿ. ಕುಣಿಯೋದು ಬಿಡೋದು ನಿಮ್ಮಿಷ್ಟ. ಅಂಥ ಶೋನಲ್ಲಿ ನಾನು ನೋಡೋದು ಆ ಸಾಲುಗಳನ್ನೇ, ಆಮೇಲೆ ಮನೇಲಿ ಒಂದೆರಡು ಬರೆದು ನೋಡ್ತೀನಿ.

ಅದರದ್ದೂ ಒಂದು ವಿಡಿಯೋ ಅವ್ವಂಗೆ ತೋರಿಸಿದೆ. "ತಪ್ಪು ಬರೆದ್ರ ಯಾನಾದ್ದು?" ಅಂದಳು.

"ಹಳೇ ಸದ್ದೇ ಓಡ್ತಿರುತ್ತೆ, ಇಲ್ಲಾಂದ್ರೆ ನಿಂತೋಗುತ್ತೆ ಅವ್ವ. ಎಲ್ರ ಮುಂದೆ."

ಫೋನನ್ನ ಇನ್ನೊಂಚೂರು ಹತ್ತಿರ ಎಳ್ಕೊಂಡಳು.